ಕೊರಳ ಗಂಟಿನ ವರದಿಯನ್ನು ಓದುವ ಬಗೆ

ಈ ಅಂಕಣದಲ್ಲಿ ಇದುವರೆಗೆ ಹೆಚ್ಚಾಗಿ ಕ್ರಯಪತ್ರ, ಪಾಲುಪತ್ರ, ಮರಣಶಾಸನ, ಜಾತಿ ದೃಢೀಕರಣ ಪತ್ರ ಮುಂತಾದ ಕಾಗದಗಳನ್ನು ಕುರಿತೇ ಬರೆಯುತ್ತ ಬಂದಿದ್ದೇನೆ. ಈ ವಾರದ ಕಾಗದ ಬೇರೆ ಬಗೆಯದು. ಅದು ನ್ಯಾಯಾಲಯದಿಂದಲೋ ವಿಲೇಜ್ ಆಫೀಸಿನಿಂದಲೋ ಬರುವುದಲ್ಲ. ಆಸ್ಪತ್ರೆಯ ಪೆಥಾಲಜಿ ವಿಭಾಗದಿಂದ ಬರುವುದು. ಥೈರಾಯ್ಡ್ ಗ್ರಂಥಿಯ ಗಂಟಿನ ಕುರಿತಾದ ಒಂದೇ ಪುಟದ ವರದಿಯನ್ನು ಓದಿಕೊಂಡು ಒಂದು ಕುಟುಂಬವು ತನ್ನ ಅಡಿಕೆ ತೋಟವನ್ನು ಮಾರಲು ಹೊರಟದ್ದನ್ನು ಇತ್ತೀಚೆಗೆ ಕಂಡುದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಆ ಮನೆಯ ಯಜಮಾನರು ಹಾಲು ಸೊಸೈಟಿಯೊಂದರ ಗುಮಾಸ್ತರು. ಪತ್ನಿಗೆ 41 ವರ್ಷ. ಮಗಳು ಕನ್ನಡ ಮಾಧ್ಯಮದ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. 40 ಸೆಂಟ್ಸ್ ತೋಟದ ಮಾರಾಟಕ್ಕೆ ಕರಾರುಪತ್ರ ಬರೆಸಬೇಕೆಂದು ತಂದೆಯೂ ಮಗಳೂ ಬಂದಿದ್ದರು. ಹೇಳಿದ ಬೆಲೆಯು ಊರಿನ ಬೆಲೆಗಿಂತ ತೀರ ಕಡಿಮೆಯಾಗಿದ್ದುದರಿಂದ ಅವಸರವೇನೆಂದು ಕೇಳಿದೆ. “ಇವಳ ಅಮ್ಮನಿಗೆ ಕ್ಯಾನ್ಸರ್ ವಕೀಲರೇ, ನಾಲ್ಕನೇ ಹಂತ,” ಎಂದರು ಅವರು. ಯಾವ ಡಾಕ್ಟರು ಹೇಳಿದರೆಂದು ಕೇಳಿದರೆ ಡಾಕ್ಟರನ್ನು ಕಾಣಲು ಇನ್ನೂ ನಾಲ್ಕು ದಿನವಿತ್ತು. ವರದಿಯು ಮಾತ್ರ ಪ್ರಯೋಗಾಲಯದ ಕಿಟಕಿಯಲ್ಲಿ ಮೊದಲೇ ಕೈಗೆ ಸಿಕ್ಕಿತ್ತು. ಮಗಳು ಶಾಲೆಯ ಚೀಲದಿಂದ ಅದನ್ನು ತೆಗೆದು, ಪೆನ್ಸಿಲಿನಿಂದ ಗುರುತು ಹಾಕಿದ್ದ ಜಾಗವನ್ನು ತೋರಿಸಿ, “ಇಲ್ಲಿ ರೋಮನ್ ಅಂಕಿಯಲ್ಲಿ ನಾಲ್ಕು ಅಂತ ಇದೆ ಮಾಮ,” ಎಂದಳು. ಉಳಿದುದನ್ನು ಆಕೆ ಮೊಬೈಲಿನಲ್ಲಿ ಹುಡುಕಿ ತಿಳಿದುಕೊಂಡಿದ್ದಳು.

ಆ ವರದಿಯಲ್ಲಿ ಕ್ಯಾನ್ಸರ್ ಎಂಬ ಪದ ಇರಲಿಲ್ಲ. ಹಂತ ಎಂಬ ಪದವೂ ಇರಲಿಲ್ಲ. ಇದ್ದುದು ‘ಫಾಲಿಕ್ಯುಲರ್ ನಿಯೋಪ್ಲಾಸಂ, ಬೆಥೆಸ್ಡಾ ವರ್ಗ ನಾಲ್ಕು’ ಎಂಬ ಒಂದು ಸಾಲು. ನಾನು ವೈದ್ಯನಲ್ಲ. ಆದರೆ ಕಾಗದವನ್ನು ಓದುವುದೇ ನನ್ನ ವೃತ್ತಿ. ಯಾವ ಕಾಗದ ಯಾವ ಘಟ್ಟದಲ್ಲಿ ಹುಟ್ಟಿತು ಎಂಬುದನ್ನು ಮೊದಲು ನೋಡದೆ ಅದರ ಅರ್ಥವನ್ನು ಹೇಳಬಾರದೆಂಬುದು ಆ ವೃತ್ತಿಯ ಮೊದಲ ಪಾಠ. ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿಯನ್ನು ಸೆಷನ್ಸ್ ನ್ಯಾಯಾಲಯದ ತೀರ್ಪೆಂದು ಯಾರೂ ಭ್ರಮಿಸುವುದಿಲ್ಲ. ಥೈರಾಯ್ಡ್ ಗಂಟಿನ ವಿಷಯದಲ್ಲಿ ಮಾತ್ರ ಈ ಭ್ರಮೆ ದಿನನಿತ್ಯವೂ ನಡೆಯುತ್ತದೆ. ಏಕೆಂದರೆ ಎರಡು ಕಾಗದಗಳೂ ಒಂದೇ ಆಸ್ಪತ್ರೆಯ ಶಿರೋನಾಮೆಯಲ್ಲಿ, ಒಂದೇ ಇಂಗ್ಲಿಷಿನಲ್ಲಿ, ಒಂದೇ ಕಿಟಕಿಯಿಂದ ಬರುತ್ತವೆ.

ಥೈರಾಯ್ಡ್ ಗ್ರಂಥಿಯ ಪರಿಚಯ ಹೈಸ್ಕೂಲಿನ ಜೀವಶಾಸ್ತ್ರದಲ್ಲಿಯೇ ಆಗುತ್ತದೆ. ಕೊರಳ ಮುಂಭಾಗದಲ್ಲಿ ಶ್ವಾಸನಾಳಕ್ಕೆ ಅಂಟಿಕೊಂಡು ಚಿಟ್ಟೆಯಂತೆ ಎರಡು ರೆಕ್ಕೆ ಬಿಚ್ಚಿಕೊಂಡಿರುವ ಗ್ರಂಥಿ ಅದು, ರೆಕ್ಕೆಗಳನ್ನು ಹಾಲೆಗಳೆನ್ನುತ್ತಾರೆ. ಒಳಗೆ ಫಾಲಿಕಲ್ ಎಂಬ ಸೂಕ್ಷ್ಮ ಚೀಲಗಳು ಒತ್ತೊತ್ತಾಗಿರುತ್ತವೆ. ಅವುಗಳ ಗೋಡೆಯ ಜೀವಕೋಶಗಳು ಅಯೋಡಿನ್ನನ್ನು ಹೀರಿಕೊಂಡು ಹಾರ್ಮೋನನ್ನು ತಯಾರಿಸುತ್ತವೆ. ಈ ಚೀಲಗಳ ಸಂದಿನಲ್ಲಿ ಸಿ-ಕೋಶಗಳೆಂಬ ಬೇರೊಂದು ಜಾತಿಯ ಕೋಶಗಳು ಸ್ವಲ್ಪ ಸಂಖ್ಯೆಯಲ್ಲಿರುತ್ತವೆ. ಅವುಗಳ ವಿಷಯ ಮುಂದೆ ಬರುತ್ತದೆ. ಈ ಗ್ರಂಥಿಯಲ್ಲಿ ಗಂಟುಗಳಾಗುವುದು ಬಹಳ ಸಾಮಾನ್ಯ, ಹೆಂಗಸರಲ್ಲಿ ಇನ್ನೂ ಸಾಮಾನ್ಯ. ಅವುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ.

ಗಂಟು ಕಂಡಾಗ ಮೊದಲು ಅಲ್ಟ್ರಾಸೌಂಡ್ ಸ್ಕ್ಯಾನ್, ಅದರಲ್ಲಿ ಸಂಶಯವಿದ್ದರೆ ಸೂಜಿ ಪರೀಕ್ಷೆ. ತೆಳ್ಳಗಿನ ಸೂಜಿಯನ್ನು ಗಂಟಿಗೆ ಚುಚ್ಚಿ, ಹೀರಿ ತೆಗೆದ ಕೆಲವು ಕೋಶಗಳನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡುವ ಈ ಪರೀಕ್ಷೆಯನ್ನು ಎಫ್.ಎನ್.ಎ.ಸಿ. ಎನ್ನುತ್ತಾರೆ. ಹಿಂದೆ ಪ್ರತಿಯೊಬ್ಬ ಪೆಥಾಲಜಿಸ್ಟರೂ ತಮ್ಮ ತಮ್ಮ ಮಾತುಗಳಲ್ಲಿ ವರದಿ ಬರೆಯುತ್ತಿದ್ದರು. ಒಬ್ಬರ ‘ಸಂಶಯಾಸ್ಪದ’ ಇನ್ನೊಬ್ಬರಿಗೆ ‘ಅಸಹಜ’. ಈ ಗೊಂದಲವನ್ನು ಪರಿಹರಿಸಲು 2007ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಎಂಬ ಊರಿನಲ್ಲಿ ತಜ್ಞರು ಸೇರಿ ಆರು ವರ್ಗಗಳನ್ನು ಗೊತ್ತುಮಾಡಿದರು. ನಮ್ಮ ಕಡೆಯ ಆಸ್ಪತ್ರೆಗಳ ವರದಿಗಳಲ್ಲಿಯೂ ಕಾಣುವ ಆ ವಿಚಿತ್ರ ಹೆಸರು ಒಂದು ಊರಿನ ಹೆಸರು, ರೋಗದ ಹೆಸರಲ್ಲ.

ಒಂದನೆಯ ವರ್ಗವೆಂದರೆ ತೆಗೆದ ಕೋಶಗಳು ಸಾಲವು, ಪರೀಕ್ಷೆ ಮತ್ತೆ ಮಾಡಬೇಕು ಎಂದರ್ಥ. ಎರಡನೆಯದು ನಿರಪಾಯ. ಮೂರನೆಯದು ಅರ್ಥ ಖಚಿತವಾಗದ ಅಸಹಜತೆ. ನಾಲ್ಕನೆಯದು ಫಾಲಿಕ್ಯುಲರ್ ನಿಯೋಪ್ಲಾಸಂ, ಅಂದರೆ ಚೀಲಕೋಶಗಳ ಹೊಸ ಬೆಳವಣಿಗೆ. ಐದನೆಯದು ಕ್ಯಾನ್ಸರಿನ ಬಲವಾದ ಸಂಶಯ. ಆರನೆಯದು ಕ್ಯಾನ್ಸರ್. 2023ರಲ್ಲಿ ಬಂದ ಮೂರನೆಯ ಆವೃತ್ತಿಯು ಶಸ್ತ್ರಕ್ರಿಯೆಯಾದ ಗಂಟುಗಳ ಲೆಕ್ಕ ಹಿಡಿದು ಪ್ರತಿ ವರ್ಗಕ್ಕೂ ಸರಾಸರಿ ಅಪಾಯವನ್ನು ಹೇಳುತ್ತದೆ: ಎರಡನೆಯ ವರ್ಗದಲ್ಲಿ ಕ್ಯಾನ್ಸರ್ ಕಂಡುಬರುವ ಸಂಭವ ಶೇಕಡಾ 4, ಮೂರನೆಯದರಲ್ಲಿ 22, ನಾಲ್ಕನೆಯದರಲ್ಲಿ 30, ಐದನೆಯದರಲ್ಲಿ 74, ಆರನೆಯದರಲ್ಲಿ 97. ಎಂದರೆ ಆ ತಾಯಿಯ ವರದಿಯ ‘ನಾಲ್ಕು’ ಎಂಬುದು ರೋಗ ಎಷ್ಟು ದೂರ ಹೋಗಿದೆ ಎಂಬುದನ್ನು ಹೇಳುತ್ತಿರಲಿಲ್ಲ. ರೋಗ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ‘ಹತ್ತರಲ್ಲಿ ಮೂರು ಪಾಲು ಇರಬಹುದು, ಏಳು ಪಾಲು ಇರಲಾರದು’ ಎನ್ನುತ್ತಿತ್ತು.

ಇಲ್ಲಿ ಯಾರಿಗಾದರೂ ಒಂದು ಸಂದೇಹ ಬರುವುದು ಸಹಜ. ಸೂಕ್ಷ್ಮದರ್ಶಕದಲ್ಲಿ ನೋಡಿಯೂ ಹೌದೋ ಅಲ್ಲವೋ ಎಂದು ಏಕೆ ಹೇಳಲಾಗದು? ಇದಕ್ಕೆ ಉತ್ತರ ನಮ್ಮ ತೋಟದಲ್ಲಿಯೇ ಇದೆ. ಅಡಿಕೆಯ ಸೋಗೆಯ ತುಂಡೊಂದನ್ನು ತಂದು ತೋರಿಸಿದರೆ ಇದು ಅಡಿಕೆ ಮರದ್ದೆಂದು ಯಾರೂ ಹೇಳಬಲ್ಲರು. ಆದರೆ ಆ ಮರ ಬೇಲಿಯ ಈಚೆಗಿದೆಯೋ, ಬೇಲಿ ದಾಟಿ ನೆರೆಯವರ ಜಾಗದೊಳಗಿದೆಯೋ ಎಂಬುದನ್ನು ಸೋಗೆಯನ್ನು ನೋಡಿ ಹೇಳಲಾಗದು. ಅದಕ್ಕೆ ಸರ್ವೆಯವರು ಬಂದು ಬೇಲಿಯ ಉದ್ದಕ್ಕೂ ನಡೆಯಬೇಕು. ಫಾಲಿಕ್ಯುಲರ್ ಜಾತಿಯ ಗಂಟಿನ ಸುತ್ತ ಒಂದು ತೆಳುವಾದ ಕವಚವಿರುತ್ತದೆ. ಗಂಟಿನ ಕೋಶಗಳು ಆ ಕವಚದೊಳಗೇ ಉಳಿದಿದ್ದರೆ ಅದು ಅಡಿನೋಮ ಎಂಬ ನಿರಪಾಯದ ಗಂಟು. ಕವಚವನ್ನು ಕೊರೆದು ಹೊರಗೆ ಬಂದಿದ್ದರೆ, ಅಥವಾ ಅಲ್ಲಿನ ರಕ್ತನಾಳದೊಳಕ್ಕೆ ನುಗ್ಗಿದ್ದರೆ ಕಾರ್ಸಿನೋಮ, ಅಂದರೆ ಕ್ಯಾನ್ಸರ್. ಎರಡರಲ್ಲಿಯೂ ಬಿಡಿ ಕೋಶಗಳು ಒಂದೇ ಬಗೆಯಾಗಿ ಕಾಣುತ್ತವೆ. ಸೂಜಿಯು ತರುವುದು ಬಿಡಿ ಕೋಶಗಳನ್ನು. ಬೇಲಿಯನ್ನು ಅದು ತರಲಾರದು. ಆದುದರಿಂದ ನಾಲ್ಕನೆಯ ವರ್ಗದ ವರದಿ ಬಂದಾಗ ವೈದ್ಯರು ಸಾಮಾನ್ಯವಾಗಿ ಗಂಟಿರುವ ಹಾಲೆಯನ್ನು ತೆಗೆದು ಪರೀಕ್ಷಿಸೋಣ ಎನ್ನುತ್ತಾರೆ. ಕ್ಯಾನ್ಸರ್ ಇದೆಯೆಂದು ನಿಶ್ಚಯಿಸಿ ಅಲ್ಲ, ನಿಶ್ಚಯಿಸುವುದಕ್ಕಾಗಿ.

ಪ್ಯಾಪಿಲರಿ ಎಂಬ ಇನ್ನೊಂದು ಜಾತಿಯಲ್ಲಿ ಈ ತೊಡಕಿಲ್ಲ. ಅದರ ಗುರುತು ಬೇಲಿಯಲ್ಲಿಲ್ಲ, ಕೋಶಕೇಂದ್ರದಲ್ಲಿಯೇ ಇದೆ. ಕೋಶಕೇಂದ್ರಗಳು ದೊಡ್ಡದಾಗಿ, ಒಂದರ ಮೇಲೊಂದು ಏರಿಕೊಂಡು, ಒಳಗೆ ಬಿಳುಪಾಗಿ ಕಾಣುತ್ತವೆ. ಕೆಲವುಗಳ ನಡುವೆ ಕಾಫಿ ಬೀಜದ ಗೆರೆಯಂಥ ಗೆರೆ ಇರುತ್ತದೆ. ಹೀಗಾಗಿ ಸೂಜಿ ಪರೀಕ್ಷೆಯಲ್ಲಿಯೇ ಇದನ್ನು ಹೆಚ್ಚಿನ ಸಲ ಗುರುತಿಸಬಹುದು. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಈ ಜಾತಿಯವು.

ಆ ದಿನ ಕರಾರುಪತ್ರವನ್ನು ನಾನು ಬರೆಯಲಿಲ್ಲ. ಎರಡು ವಾರ ತಡೆಯಿರಿ, ಕೊಳ್ಳುವವರು ನಿಜವಾಗಿ ಕೊಳ್ಳುವವರಾದರೆ ಎರಡು ವಾರ ಕಾಯುತ್ತಾರೆ ಎಂದೆ. ಮಂಗಳೂರಿನಲ್ಲಿ ಒಂದು ಹಾಲೆಯನ್ನು ತೆಗೆಯುವ ಶಸ್ತ್ರಕ್ರಿಯೆ ಆಯಿತು. ಹತ್ತು ದಿನಗಳ ಬಳಿಕ ಎರಡನೆಯ ವರದಿ ಬಂದಿತು. ಈ ಸಲ ಅದರಲ್ಲಿ ಕಾರ್ಸಿನೋಮ ಎಂಬ ಪದ ಸ್ಪಷ್ಟವಾಗಿಯೇ ಇತ್ತು. ಹತ್ತರಲ್ಲಿ ಮೂರರ ಪಾಲಿಗೆ ಆಕೆ ಸೇರಿದ್ದರು. ಹಾಗಾದರೆ ತೋಟ ಮಾರುವುದೇ ಸರಿಯಾಗಿತ್ತೇ? ಈ ಪ್ರಶ್ನೆಯನ್ನೇ ಅವರು ಫೋನಿನಲ್ಲಿ ಕೇಳಿದರು. ಉತ್ತರವು ಅದೇ ವರದಿಯ ಉಳಿದ ಸಾಲುಗಳಲ್ಲಿತ್ತು.

ಈ ಎರಡನೆಯ ಕಾಗದವೇ ನಿಜವಾದ ತೀರ್ಪು. ಇದನ್ನು ಹಿಸ್ಟೊಪೆಥಾಲಜಿ ವರದಿ ಎನ್ನುತ್ತಾರೆ. ತೆಗೆದ ಭಾಗವನ್ನು ಫಾರ್ಮಲಿನ್ ದ್ರಾವಣದಲ್ಲಿ ನೆನೆಸಿ, ಅಳೆದು, ಅಂಚುಗಳಿಗೆ ಶಾಯಿ ಬಳಿದು, ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಮೇಣದ ಅಚ್ಚಿನಲ್ಲಿ ಕೂರಿಸುತ್ತಾರೆ. ಆ ಅಚ್ಚಿಗೆ ಬ್ಲಾಕ್ ಎಂದು ಹೆಸರು. ಅದರಿಂದ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾದ ಎಸಳುಗಳನ್ನು ಸೀಳಿ, ಗಾಜಿಗೆ ಅಂಟಿಸಿ, ಬಣ್ಣ ಹಾಕಿ ನೋಡುತ್ತಾರೆ. ಬೇಲಿಯ ಉದ್ದಕ್ಕೂ ನಡೆಯುವ ಸರ್ವೆ ಕೆಲಸ ಇದೇ. ವಾರವೋ ಹತ್ತು ದಿನವೋ ಹಿಡಿಯುವುದು ಇದಕ್ಕಾಗಿಯೇ. ಕೆಲವೊಮ್ಮೆ ಇನ್ನಷ್ಟು ತುಂಡುಗಳನ್ನು ಕತ್ತರಿಸಿ ನೋಡಬೇಕಾಗುತ್ತದೆ. ‘ರಿಪೋರ್ಟ್ ತಡವಾಯಿತು, ಏನೋ ಕೆಟ್ಟದ್ದಿರಬೇಕು’ ಎಂದು ಮನೆಯಲ್ಲಿ ಮಾತನಾಡಿಕೊಳ್ಳುವುದಕ್ಕೆ ಆಧಾರವಿಲ್ಲ.

ತೀರ್ಪನ್ನು ಓದುವ ವಕೀಲನು ಕೊನೆಯ ಪುಟದ ಆದೇಶವನ್ನು ಮೊದಲು ನೋಡುತ್ತಾನೆ. ಇಲ್ಲಿಯೂ ಕೊನೆಯ ‘ರೋಗನಿರ್ಣಯ’ ಎಂಬ ಭಾಗದಿಂದ ಆರಂಭಿಸಿ ಹಿಂದಕ್ಕೆ ಓದುವುದು ಒಳ್ಳೆಯದು. ಅಲ್ಲಿ ಮೊದಲು ನೋಡಬೇಕಾದುದು ಜಾತಿಯ ಹೆಸರು. ಪ್ಯಾಪಿಲರಿಯು ನಿಧಾನವಾಗಿ ಬೆಳೆಯುವಂಥದು. ಹರಡಿದರೆ ಹೆಚ್ಚಾಗಿ ಕೊರಳಿನ ದುಗ್ಧಗ್ರಂಥಿಗಳಿಗೆ ಹರಡುತ್ತದೆ, ಹಾಗೆ ಹರಡಿದ್ದರೂ ಚಿಕಿತ್ಸೆಗೆ ಚೆನ್ನಾಗಿ ಒಗ್ಗುತ್ತದೆ. ಫಾಲಿಕ್ಯುಲರ್ ಜಾತಿಯು ಹರಡಿದರೆ ರಕ್ತದ ಮೂಲಕ ಶ್ವಾಸಕೋಶಕ್ಕೋ ಎಲುಬಿಗೋ ಹೋಗುತ್ತದೆ. ಆದುದರಿಂದಲೇ ಅದರ ವರದಿಯಲ್ಲಿ ರಕ್ತನಾಳದ ಸಾಲಿಗೆ ಅಷ್ಟು ಬೆಲೆ. ಕವಚವನ್ನು ಮಾತ್ರ ದಾಟಿದ್ದರೆ ಅಪಾಯ ಬಹಳ ಕಡಿಮೆ. ರಕ್ತನಾಳಗಳನ್ನು ನಾಲ್ಕು ಅಥವಾ ಹೆಚ್ಚು ಕಡೆಗಳಲ್ಲಿ ಹೊಕ್ಕಿದ್ದರೆ ವೈದ್ಯರು ಹೆಚ್ಚು ಜಾಗ್ರತೆ ವಹಿಸುತ್ತಾರೆ. ಅನಾಪ್ಲಾಸ್ಟಿಕ್ ಎಂಬ ಅಪರೂಪದ ಜಾತಿಯೊಂದಿದೆ. ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣುವ ಅದು ನಿಜಕ್ಕೂ ಕ್ರೂರವಾದುದು, ಅದರಲ್ಲಿ ಒಂದು ದಿನವನ್ನೂ ಕಳೆಯುವಂತಿಲ್ಲ. ಮೊಬೈಲಿನಲ್ಲಿ ‘ಥೈರಾಯ್ಡ್ ಕ್ಯಾನ್ಸರ್’ ಎಂದು ಹುಡುಕುವವರು ಈ ನಾಲ್ಕಾರು ಬೇರೆ ಬೇರೆ ರೋಗಗಳ ಭಯವನ್ನು ಒಟ್ಟಿಗೆ ಮನೆಗೆ ತಂದುಕೊಳ್ಳುತ್ತಾರೆ.

ಮೆಡುಲರಿ ಎಂಬ ಜಾತಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದು ಮಕ್ಕಳಿಗೂ ಸಂಬಂಧಿಸಿದುದು. ಇದು ಹುಟ್ಟುವುದು ಮೇಲೆ ಹೇಳಿದ ಸಿ-ಕೋಶಗಳಲ್ಲಿ. ರಕ್ತದಲ್ಲಿ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನಿನ ಪ್ರಮಾಣವನ್ನು ಅಳೆದು ಇದರ ಜಾಡು ಹಿಡಿಯುತ್ತಾರೆ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಚಿಕ್ಕದು. ಆದರೆ ಇದು ಬಂದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ವಂಶಪಾರಂಪರ್ಯವಾಗಿ ಬಂದಿರುತ್ತದೆ. ರೆಟ್ ಎಂಬ ಜೀನಿನಲ್ಲಿ ಹುಟ್ಟಿನಿಂದಲೇ ಇರುವ ಬದಲಾವಣೆಯೇ ಅದಕ್ಕೆ ಕಾರಣ. ಅಂಥ ತಂದೆಯ ಅಥವಾ ತಾಯಿಯ ಪ್ರತಿ ಮಗುವಿಗೂ ಆ ಬದಲಾವಣೆ ಬಂದಿರುವ ಸಂಭವ ಅರ್ಧಕ್ಕರ್ಧ. ಆದುದರಿಂದ ವರದಿಯಲ್ಲಿ ಮೆಡುಲರಿ ಎಂದಿದ್ದರೆ ರೋಗಿಗೆ ರೆಟ್ ಜೀನ್ ಪರೀಕ್ಷೆ ಆಗಬೇಕು. ಅದರಲ್ಲಿ ಬದಲಾವಣೆ ಕಂಡರೆ ಮಕ್ಕಳಿಗೂ ಒಡಹುಟ್ಟಿದವರಿಗೂ ಆಗಬೇಕು. ರೋಗ ಕಾಣಿಸಿಕೊಳ್ಳುವ ಮೊದಲೇ ಮಗುವಿನ ಗ್ರಂಥಿಯನ್ನು ತೆಗೆದು ಕಾಪಾಡಲು ಸಾಧ್ಯವಿರುವ ಕೆಲವೇ ಕ್ಯಾನ್ಸರ್‌ಗಳಲ್ಲಿ ಇದೊಂದು. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಈ ಪರೀಕ್ಷೆಯನ್ನು ಮುಚ್ಚಿಡುವವರಿದ್ದಾರೆ. ಅದಕ್ಕಿಂತ ದೊಡ್ಡ ಅನ್ಯಾಯವನ್ನು ಮಗಳಿಗೆ ಮಾಡಲಾಗದು.

ಜಾತಿಯ ಹೆಸರಾದ ಮೇಲೆ ಅಳತೆ, ಅಂಚು, ದುಗ್ಧಗ್ರಂಥಿಗಳ ಲೆಕ್ಕ. ಅಂಚಿಗೆ ಬಳಿದ ಶಾಯಿಯವರೆಗೆ ಕ್ಯಾನ್ಸರ್ ಕೋಶಗಳು ಮುಟ್ಟಿಲ್ಲವೆಂದಾದರೆ ಗಂಟು ಪೂರ್ತಿಯಾಗಿ ಹೊರಬಂದಿದೆಯೆಂದು ತಿಳಿಯಬಹುದು. ದುಗ್ಧಗ್ರಂಥಿಗಳನ್ನು ಎರಡು ಬಟ್ಟೆ ಏಳು ಎಂಬಂತೆ ಬರೆದಿದ್ದರೆ, ತೆಗೆದ ಏಳರಲ್ಲಿ ಎರಡರಲ್ಲಿ ರೋಗ ಕಂಡಿತೆಂದು ಅರ್ಥ. ಕೆಲವು ವರದಿಗಳಲ್ಲಿ ‘ಟಾಲ್ ಸೆಲ್’, ‘ಹಾಬ್‌ನೇಲ್’ ಎಂಬ ಉಪಜಾತಿಗಳ ಹೆಸರಿರುತ್ತದೆ. ಇವು ಪ್ಯಾಪಿಲರಿಯಲ್ಲಿಯೇ ಸ್ವಲ್ಪ ಚುರುಕಾದವು, ಹೆಸರಿದ್ದರೆ ವೈದ್ಯರನ್ನು ಕೇಳಿ ತಿಳಿಯಬೇಕು.

ಇಷ್ಟನ್ನೂ ಸೇರಿಸಿ ಟಿ, ಎನ್, ಎಂ ಎಂಬ ಮೂರು ಅಕ್ಷರಗಳಲ್ಲಿ ಬರೆಯುತ್ತಾರೆ. ಟಿ ಗಂಟಿನ ಗಾತ್ರ ಮತ್ತು ವ್ಯಾಪ್ತಿ, ಎನ್ ದುಗ್ಧಗ್ರಂಥಿ, ಎಂ ದೂರದ ಅಂಗಗಳು. ಗ್ರಂಥಿಯೊಳಗೇ ಇರುವ ಗಂಟು 2 ಸೆಂಟಿಮೀಟರಿನವರೆಗೆ ಟಿ-1, ಎರಡನ್ನು ಮೀರಿ 4ರವರೆಗೆ ಟಿ-2, ನಾಲ್ಕನ್ನು ಮೀರಿದರೆ ಟಿ-3. ಈ ಮೂರನ್ನು ಕೂಡಿಸಿದ ಮೇಲೆಯೇ ‘ಹಂತ’ ಎಂಬುದು ಬರುತ್ತದೆ. ಇಲ್ಲಿ ಥೈರಾಯ್ಡಿನದೇ ಆದ ಒಂದು ವಿಶೇಷವಿದೆ. ಉಳಿದ ಕ್ಯಾನ್ಸರ್‌ಗಳಲ್ಲಿ ಸಾಮಾನ್ಯವಾಗಿ ವಯಸ್ಸನ್ನು ನೋಡಿ ಹಂತವನ್ನು ಹೇಳುವುದಿಲ್ಲ. ಪ್ಯಾಪಿಲರಿ, ಫಾಲಿಕ್ಯುಲರ್ ಜಾತಿಗಳಲ್ಲಿ ಹೇಳುತ್ತಾರೆ. 2018ರಿಂದ ಬಳಕೆಯಲ್ಲಿರುವ ಎಂಟನೆಯ ಆವೃತ್ತಿಯ ನಿಯಮದಂತೆ 55 ವರ್ಷದೊಳಗಿನ ರೋಗಿಗೆ ಗಂಟು ಎಷ್ಟೇ ದೊಡ್ಡದಿರಲಿ, ಕೊರಳಿನ ಗ್ರಂಥಿಗಳಿಗೆ ಹರಡಿರಲಿ, ಅದು ಒಂದನೆಯ ಹಂತ. ಶ್ವಾಸಕೋಶಕ್ಕೆ ಹರಡಿದ್ದರೂ ಎರಡನೆಯ ಹಂತ. ಮೂರು, ನಾಲ್ಕು ಎಂಬ ಹಂತಗಳೇ ಅವರಿಗಿಲ್ಲ. 41 ವರ್ಷದ ಆ ತಾಯಿಗೆ ಈ ಜಾತಿಯಲ್ಲಿ ‘ನಾಲ್ಕನೇ ಹಂತ’ ಎಂಬುದು ನಿಯಮದ ಪ್ರಕಾರವೇ ಅಸಾಧ್ಯವಾಗಿತ್ತು.

ಅವರ ವರದಿ ಹೇಳಿದುದಿಷ್ಟು: 2.8 ಸೆಂಟಿಮೀಟರಿನ ಗಂಟು, ಕವಚವನ್ನು ಒಂದು ಕಡೆ ದಾಟಿದೆ, ರಕ್ತನಾಳಗಳನ್ನು ಹೊಕ್ಕಿಲ್ಲ, ಅಂಚುಗಳು ಶುದ್ಧ. ಟಿ-2. ಇನ್ನೊಂದು ಹಾಲೆಯನ್ನು ತೆಗೆಯಬೇಕಾಗಿಲ್ಲ, ವಿಕಿರಣ ಅಯೋಡಿನ್ ಬೇಕಿಲ್ಲ, ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗಳಿಗೆ ಗೊತ್ತಾದ ಸಮಯಕ್ಕೆ ಬಂದರೆ ಸಾಕು ಎಂದು ಶಸ್ತ್ರವೈದ್ಯರು ಹೇಳಿದರು. ತೋಟ ಅವರ ಹೆಸರಿನಲ್ಲಿಯೇ ಇದೆ. ಕೊಳ್ಳಲು ಬಂದಿದ್ದವರು ನನ್ನ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾರೆ.

ಕ್ಯಾನ್ಸರ್ ಎಂಬ ಹೆಸರೇ ಒಂದು ಬಗೆಯ ಶಿಕ್ಷೆಯಾಗಿದೆ ಎಂಬುದನ್ನು ವೈದ್ಯಶಾಸ್ತ್ರವೂ ಒಪ್ಪಿಕೊಂಡ ಉದಾಹರಣೆ ಈ ಗ್ರಂಥಿಯಲ್ಲಿಯೇ ಇದೆ. ಪ್ಯಾಪಿಲರಿಯ ಒಂದು ಪ್ರಭೇದದಲ್ಲಿ ಕೋಶಕೇಂದ್ರಗಳು ಪ್ಯಾಪಿಲರಿಯಂತೆ ಕಂಡರೂ ಗಂಟು ತನ್ನ ಕವಚದೊಳಗೇ ಪೂರ್ತಿಯಾಗಿ ಉಳಿದಿರುತ್ತದೆ. ಹಲವು ದೇಶಗಳ ಪೆಥಾಲಜಿಸ್ಟರು ಸೇರಿ ಇಂಥ 109 ರೋಗಿಗಳ ಹಳೆಯ ಗಾಜುಗಳನ್ನು ಮತ್ತೆ ನೋಡಿ, ಶಸ್ತ್ರಕ್ರಿಯೆಯಾಗಿ ಹತ್ತು ವರ್ಷಗಳಿಗೂ ಮೀರಿದ ಅವರ ಸ್ಥಿತಿಯನ್ನು ಪರಿಶೀಲಿಸಿದರು. ಒಬ್ಬರಲ್ಲಿಯೂ ರೋಗ ಮರುಕಳಿಸಿರಲಿಲ್ಲ. 2016ರಲ್ಲಿ ಅವರು ಅದರ ಹೆಸರಿನಿಂದ ಕಾರ್ಸಿನೋಮ ಎಂಬ ಪದವನ್ನೇ ತೆಗೆದುಹಾಕಿ ಎನ್.ಐ.ಎಫ್.ಟಿ.ಪಿ. ಎಂಬ ಉದ್ದ ಹೆಸರಿನ ಸಂಕ್ಷೇಪವನ್ನು ಕೊಟ್ಟರು. ಅದಕ್ಕಿಂತ ಮೊದಲಿನ ವರದಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ತಾವು ಕ್ಯಾನ್ಸರ್ ರೋಗಿಗಳೆಂದೇ ನಂಬಿಕೊಂಡಿರುವ ಕೆಲವರು ನಮ್ಮ ನಡುವೆಯೂ ಇರಬಹುದು. ಅವರು ಒಮ್ಮೆ ತಮ್ಮ ವೈದ್ಯರನ್ನು ಕೇಳುವುದು ತಪ್ಪಲ್ಲ.

ದಕ್ಷಿಣ ಕೊರಿಯದಲ್ಲಿ ಆರೋಗ್ಯ ತಪಾಸಣೆಯ ಜೊತೆಗೆ ಕೊರಳಿನ ಸ್ಕ್ಯಾನ್ ಮಾಡಿಸಿಕೊಳ್ಳುವುದು ರೂಢಿಯಾದ ಮೇಲೆ, 2011ರ ವೇಳೆಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರ್‌ಗಳ ಪ್ರಮಾಣ 1993ರ 15 ಪಟ್ಟಾಯಿತು. ಆ ರೋಗದಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಂತೆಯೇ ಇತ್ತು. ಜೀವನಪರ್ಯಂತ ತೊಂದರೆ ಕೊಡದೆ ಇದ್ದುಬಿಡಬಹುದಾಗಿದ್ದ ಪುಟ್ಟ ಗಂಟುಗಳನ್ನು ಹುಡುಕಿ ಹುಡುಕಿ ತೆಗೆದಂತಾಯಿತು. ಕೇರಳದಲ್ಲಿ, ಮುಖ್ಯವಾಗಿ ತಿರುವನಂತಪುರದ ಹೆಂಗಸರಲ್ಲಿ, ಈ ರೋಗದ ದಾಖಲೆ ದೇಶದ ಬಹುತೇಕ ಕಡೆಗಳಿಗಿಂತ ಹೆಚ್ಚು. ಅದರಲ್ಲಿಯೂ ಸ್ಕ್ಯಾನಿನ ಪಾಲು ದೊಡ್ಡದಿರಬಹುದೆಂದು ತಜ್ಞರು ಬರೆದಿದ್ದಾರೆ. ಗಂಟು ಕೈಗೆ ಸಿಕ್ಕಿದರೆ, ಧ್ವನಿ ಒಡೆದರೆ, ನುಂಗಲು ಕಷ್ಟವಾದರೆ ತಡಮಾಡಬಾರದು. ಏನೂ ಇಲ್ಲದೆ, ಪ್ಯಾಕೇಜಿನಲ್ಲಿ ರಿಯಾಯತಿ ಇದೆಯೆಂದು ಕೊರಳನ್ನು ಸ್ಕ್ಯಾನ್ ಮಾಡಿಸುವುದು ನನಗಂತೂ ಜಾಣತನವಾಗಿ ತೋರುವುದಿಲ್ಲ.

ಇನ್ನು ಕಾನೂನಿನ ಮಾತು. ಶಸ್ತ್ರಕ್ರಿಯೆಗೆ ಮೊದಲು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಒಂದು ಹಾಲೆಯೋ ಇಡೀ ಗ್ರಂಥಿಯೋ ಎಂಬುದು ಬರೆದಿರಬೇಕು. ವ್ಯತ್ಯಾಸ ಸಣ್ಣದಲ್ಲ, ಇಡೀ ಗ್ರಂಥಿ ಹೋದರೆ ಬದುಕಿರುವವರೆಗೂ ದಿನಕ್ಕೊಂದು ಹಾರ್ಮೋನ್ ಮಾತ್ರೆ ಬೇಕು, ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದರೆ ಕ್ಯಾಲ್ಸಿಯಂ ಕೂಡ ಬೇಕಾದೀತು. 2008ರಲ್ಲಿ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಈ ವಿಷಯವನ್ನು ತೀರ್ಮಾನಿಸಿದೆ. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆಯು ಅಂಗವನ್ನು ತೆಗೆಯುವುದಕ್ಕೆ ಒಪ್ಪಿಗೆಯಾಗದು. ಜೀವಕ್ಕೆ ತತ್‌ಕ್ಷಣದ ಅಪಾಯವಿಲ್ಲದಿದ್ದರೆ, ರೋಗಿ ಅರಿವಳಿಕೆಯಲ್ಲಿರುವಾಗ ಮನೆಯವರಿಂದ ಒಪ್ಪಿಗೆ ಪಡೆಯುವುದೂ ಸಾಲದು. ಒಳಗೆ ಹೋದ ಮೇಲೆ ಪರಿಸ್ಥಿತಿ ಬೇರೆಯಾಗಿ ಕಂಡರೆ ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಮೊದಲೇ ಮಾತನಾಡಿ ಬರೆಸಿಕೊಳ್ಳಬೇಕು. ವಿವರಣೆಯು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡವೋ ತುಳುವೋ ಬಲ್ಲ ದಾದಿಯೊಬ್ಬರನ್ನು ಕರೆಯಿರಿ ಎಂದು ಕೇಳಲು ಸಂಕೋಚ ಬೇಡ. ಹದಿನಾಲ್ಕು ವರ್ಷದ ಮಗಳನ್ನು ತಾಯಿಯ ಕ್ಯಾನ್ಸರ್ ವರದಿಗೆ ದುಭಾಷಿಯಾಗಿ ನಿಲ್ಲಿಸುವುದು ಸರಿಯಲ್ಲ. ಇಂಗ್ಲಿಷಿನಲ್ಲಿ ಅಂಕ ಚೆನ್ನಾಗಿ ಬಂದಿದೆಯೆಂಬ ಕಾರಣಕ್ಕೆ ಆ ಹುಡುಗಿ ಮೂರು ರಾತ್ರಿ ನಿದ್ದೆಗೆಟ್ಟಿದ್ದಳು.

ವರದಿಯ ಪ್ರತಿಯೂ ಚಿಕಿತ್ಸೆಯ ದಾಖಲೆಗಳೂ ರೋಗಿಯ ಹಕ್ಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆ ನಿಯಮಗಳ ಪ್ರಕಾರ ಕೇಳಿದ 72 ಗಂಟೆಗಳೊಳಗೆ ಕೊಡಬೇಕು. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಕಾಗದವನ್ನು ಮಾತ್ರ ಕೊಂಡುಹೋಗಿ ಪ್ರಯೋಜನವಿಲ್ಲ. ಇನ್ನೊಬ್ಬ ಪೆಥಾಲಜಿಸ್ಟರು ನೋಡಬೇಕಾದುದು ಗಾಜುಗಳನ್ನೂ ಮೇಣದ ಬ್ಲಾಕುಗಳನ್ನೂ. ಮಂಗಳೂರಿನ ಆಸ್ಪತ್ರೆಯಲ್ಲಿ ಅರ್ಜಿ ಕೊಟ್ಟು ಅವುಗಳನ್ನು ಪಡೆದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಬೇರೆ ದೊಡ್ಡ ಆಸ್ಪತ್ರೆಗೋ ಕೊಂಡೊಯ್ಯಬಹುದು. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಇಡಬೇಡಿ, ಅದು ಮೇಣ.

ವಿಮೆಯ ವಿಷಯದಲ್ಲಿ ಟಿ-1, ಟಿ-2 ಎಂಬ ಅಂಕಿಗಳಿಗೆ ಹಣದ ಬೆಲೆಯೇ ಇದೆ. ಆಸ್ಪತ್ರೆಯ ಖರ್ಚನ್ನು ಕೊಡುವ ಸಾಮಾನ್ಯ ಆರೋಗ್ಯ ವಿಮೆ ಬೇರೆ, ರೋಗ ಬಂದರೆ ಇಡುಗಂಟು ಕೊಡುವ ‘ಕ್ರಿಟಿಕಲ್ ಇಲ್‌ನೆಸ್’ ಪಾಲಿಸಿ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರವು ಗೊತ್ತುಪಡಿಸಿದ ವ್ಯಾಖ್ಯೆಯಂತೆ ಎರಡನೆಯ ಬಗೆಯ ಪಾಲಿಸಿಯಲ್ಲಿ ಟಿ-1, ಎನ್-0, ಎಂ-0 ಅಥವಾ ಅದಕ್ಕಿಂತ ಕೆಳಗಿನ ಥೈರಾಯ್ಡ್ ಕ್ಯಾನ್ಸರ್‌ಗೆ ಹಣ ಸಿಗುವುದಿಲ್ಲ. ಸೊಸೈಟಿಯ ಗುಮಾಸ್ತರ ಪತ್ನಿಯ ಹೆಸರಿನಲ್ಲಿ ಅಂಥದೊಂದು ಪಾಲಿಸಿಯಿತ್ತು. ಕಂಪೆನಿಯವರು ‘ಥೈರಾಯ್ಡ್ ಹೊರತುಪಡಿಸಲಾಗಿದೆ’ ಎಂಬ ಒಂದು ಸಾಲಿನಲ್ಲಿ ಅರ್ಜಿಯನ್ನು ತಿರಸ್ಕರಿಸಿದರು. ಹೊರತುಪಡಿಸಿರುವುದು ಇಡೀ ಥೈರಾಯ್ಡನ್ನಲ್ಲ, ಟಿ-1ರವರೆಗಿನದನ್ನು ಮಾತ್ರ. ನಮ್ಮ ವರದಿಯಲ್ಲಿರುವುದು 2.8 ಸೆಂಟಿಮೀಟರ್, ಟಿ-2 ಎಂದು ಆ ಸಾಲಿಗೆ ಗೆರೆ ಎಳೆದು ಪತ್ರ ಬರೆಸಿದೆ. ಐದು ವಾರಗಳಲ್ಲಿ ಹಣ ಬಂದಿತು.

ಹಾಗೆ ಬರದಿದ್ದರೆ ಮುಂದಿನ ಬಾಗಿಲು ಕೊಚ್ಚಿಯಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿ. ಮೊದಲು ಕಂಪೆನಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಪಾಲಿಸಿಯ ಪ್ರತಿ, ತಿರಸ್ಕಾರದ ಪತ್ರ, ಹಿಸ್ಟೊಪೆಥಾಲಜಿ ವರದಿ ಇವು ಮೂರನ್ನು ಲಗತ್ತಿಸಬೇಕು. ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಬೇಕಾದ ಅಗತ್ಯವೂ ಇಲ್ಲ.